ಮಾಗಿಯ ರಾತ್ರಿ ಬಿಸಿಯಾದರೆ



“ಈ ವರ್ಷ ಥಂಡಿ ಅಂಬೋದೇ ಬೀಳಲಿಲ್ಲ ನೋಡ್ರಿ.” ಬಳಗಾನೂರು, ಮಸ್ಕಿ, ಸಿಂಧನೂರು, ಲಿಂಗಸುಗೂರು, ಎಲ್ಲಿಗೆ ಹೋದರೂ ಈಚಿನ ವರ್ಷಗಳ ಜನವರಿಯಲ್ಲಿ ಈ ಮಾತು ಕಿವಿಗೆ ಬೀಳುತ್ತಿದೆ. ಕೆಲವರು ಇದನ್ನು ಸಮಾಧಾನದಿಂದ ಹೇಳುತ್ತಾರೆ. ಅದು ಸಹಜ. ನಸುಕಿನಲ್ಲೇ ಟಂಟಂ ಹತ್ತಿ ಹೋಗಿ ಭತ್ತದ ನಾಟಿಗೆಂದು ತಣ್ಣನೆಯ ಕೆಸರಿಗೆ ಇಳಿಯುವ ಅಕ್ಕಂದಿರಿಗೆ, ಮಂಜಿನಲ್ಲಿ ನೆನೆದ ಹತ್ತಿ ಬಿಡಿಸುವ ಕೈಗಳಿಗೆ, ಒಂದೇ ಕೌದಿಯಲ್ಲಿ ರಾತ್ರಿ ಕಳೆಯುವ ಮುದುಕರಿಗೆ, ದಮ್ಮಿನ ಕಾಯಿಲೆಯವರಿಗೆ ಬೆಚ್ಚನೆಯ ಜನವರಿ ದೊಡ್ಡ ಉಪಕಾರವೇ. ಅವರ ಸಮಾಧಾನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಮಾತನ್ನು ಎರೆಹೊಲದ ಬದುವಿನಲ್ಲಿ ನಿಂತು ಬಿಳಿಜೋಳದ ತೆನೆ ನೋಡುತ್ತ ರೈತ ಹೇಳಿದಾಗ ಅದರಲ್ಲಿ ಕಳವಳ ಇರುತ್ತದೆ.

ಇವತ್ತು ನಾನು ಹೇಳಬೇಕಾದದ್ದು ಇಷ್ಟು. ಮಾಗಿಯ ರಾತ್ರಿಗಳ ತಂಪು ನಮ್ಮ ಸೀಮೆಗೆ ಮಳೆಯಷ್ಟೇ ಮುಖ್ಯವಾದ ಆಸ್ತಿ. ಮಳೆ ಎಷ್ಟು ಬಿತ್ತು ಎಂದು ಪ್ರತಿಯೊಬ್ಬರೂ ಕೇಳುತ್ತೇವೆ, ಲೆಕ್ಕ ಹಾಕುತ್ತೇವೆ. ರಾತ್ರಿ ಎಷ್ಟು ತಣಿಯಿತು ಎಂದು ಯಾರೂ ಕೇಳುವುದಿಲ್ಲ. ಅದನ್ನೂ ಕೇಳುವ, ಬರೆದಿಡುವ ಕಾಲ ಬಂದಿದೆ.

ಮೊದಲು ನಮ್ಮ ಚಳಿಗಾಲ ಎಂಥದ್ದು ಎಂಬುದನ್ನು ನೋಡೋಣ. ರಾಯಚೂರು ಜಿಲ್ಲೆ ಎಂದರೆ ಹೊರಗಿನವರಿಗೆ ಬಿಸಿಲು ಒಂದೇ ನೆನಪಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಲ್ಲಿ ಥಂಡಿ ಎಲ್ಲಿಂದ ಬರಬೇಕು ಎಂದು ಅವರು ಕೇಳಬಹುದು. ಆದರೆ ದೀಪಾವಳಿ ಕಳೆದ ಮೇಲೆ ಮೂಡಣ, ಬಡಗಣ ದಿಕ್ಕಿನಿಂದ ಒಣಗಾಳಿ ಬೀಸತೊಡಗಿತೆಂದರೆ ಇಲ್ಲಿಯೂ ಹಲ್ಲು ಕಟಕಟಿಸುವ ಬೆಳಗುಗಳು ಬರುತ್ತವೆ. ಜನವರಿಯಲ್ಲಿ ರಾಯಚೂರಿನ ಹಗಲು ಮೂವತ್ತು ಡಿಗ್ರಿಯ ಆಸುಪಾಸು, ರಾತ್ರಿ ಹದಿನೇಳು ಹದಿನೆಂಟು ಡಿಗ್ರಿ. ಇದು ವಾಡಿಕೆ. ಒಳ್ಳೆಯ ಥಂಡಿಯ ವರ್ಷ ರಾತ್ರಿಯ ಉಷ್ಣತೆ ಇದಕ್ಕಿಂತ ಸಾಕಷ್ಟು ಕೆಳಗೆ ಇಳಿಯುತ್ತದೆ. ನಮಗಿಂತ ಎತ್ತರದಲ್ಲಿರುವ ಬೀದರ್ ಮತ್ತು ವಿಜಯಪುರದಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ. ಬಯಲು ಸೀಮೆಯಲ್ಲಿ ರಾತ್ರಿಯ ಉಷ್ಣತೆ ಹತ್ತು ಡಿಗ್ರಿಗೆ ಅಥವಾ ಅದಕ್ಕೂ ಕೆಳಗೆ ಬಂದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಸಾರುತ್ತದೆ.

ಈ ಥಂಡಿಯ ಸುತ್ತಲೇ ನಮ್ಮ ಬದುಕಿನ ಒಂದು ಭಾಗ ಹೆಣೆದುಕೊಂಡಿದೆ. ಎಳ್ಳಮಾಸಿಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಡುಬು, ಎಲ್ಲವೂ ಮೈಗೆ ಕಾವು ಕೊಡುವ ಊಟ. ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಹೊಳೆಸ್ನಾನ. ಹಾಲುಗಾಳಿನ ಜೋಳದ ತೆನೆ ಸುಟ್ಟು ಸೀತನಿ ಬಡಿದು ತಿನ್ನುವುದೂ ಇದೇ ದಿನಗಳಲ್ಲಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುವುದು ಹಿರಿಯರ ಲೆಕ್ಕ. ಅಂದರೆ ಫೆಬ್ರುವರಿಯವರೆಗೆ, ಕೆಲವು ವರ್ಷ ಮಾರ್ಚಿಯವರೆಗೆ ಚಳಿ ಇರಬೇಕು. ನಮ್ಮ ಹಿಂಗಾರಿಯ ಬೆಳೆಗಳೆಲ್ಲ ಈ ಲೆಕ್ಕವನ್ನು ನಂಬಿಯೇ ನೆಲಕ್ಕೆ ಬಿದ್ದಿರುತ್ತವೆ.

ಹಾಗಾದರೆ ರಾತ್ರಿ ತಣಿಯುವುದು ಹೇಗೆ? ಹಗಲಿನ ಬಿಸಿಲಿಗೆ ನೆಲ ಕಾಯುತ್ತದೆ. ಹೊತ್ತು ಮುಳುಗಿದ ಕೂಡಲೇ ಆ ಕಾವನ್ನು ಆಕಾಶದ ಕಡೆಗೆ ಬಿಡಲು ತೊಡಗುತ್ತದೆ. ಆಕಾಶ ನಿಚ್ಚಳವಾಗಿದ್ದು, ಗಾಳಿ ಒಣಗಿದ್ದು, ಬೀಸು ನಿಂತಿದ್ದರೆ ಕಾವು ಸರಾಗವಾಗಿ ಹೊರಟುಹೋಗುತ್ತದೆ. ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಂಪುಗಾಳಿ ಭಾರವಾದ್ದರಿಂದ ತಗ್ಗಿನಲ್ಲಿ ಬಂದು ಕೂಡುತ್ತದೆ. ಥಂಡಿಯ ಬೆಳಗಿನಲ್ಲಿ ಒಲೆಯ ಹೊಗೆ ಮೇಲೇರದೆ ಊರಿನ ಸುತ್ತ ಕೆಳಗೇ ಹರಡಿ ನಿಲ್ಲುವುದಕ್ಕೆ ಇದೇ ಕಾರಣ. ಈ ತಣಿಯುವಿಕೆ ರಾತ್ರಿಯಿಡೀ ನಡೆದು, ಸೂರ್ಯ ಹುಟ್ಟುವ ಹೊತ್ತಿಗೆ ಉಷ್ಣತೆ ಎಲ್ಲಕ್ಕಿಂತ ಕೆಳಗೆ ಇರುತ್ತದೆ.

ಈ ಕೆಲಸವನ್ನು ತಡೆಯುವುದು ಮೋಡ ಮತ್ತು ತೇವ. “ಮ್ವಾಡ ಹಾಕ್ಯಾದ, ಇನ್ನ ಥಂಡಿ ಎಲ್ಲೀದು” ಎಂದು ನಮ್ಮವರು ಆಡುವ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ. ನೆಲ ಬಿಟ್ಟ ಕಾವನ್ನು ಮೋಡ ಹೀರಿ, ಅದರಲ್ಲಿ ಬಹುಪಾಲನ್ನು ಮತ್ತೆ ಕೆಳಕ್ಕೇ ಕಳಿಸುತ್ತದೆ. ನಮಗೆ ಈ ಮೋಡ ಬರುವುದು ಹೆಚ್ಚಾಗಿ ಬಂಗಾಳ ಕೊಲ್ಲಿಯಿಂದ. ಅಲ್ಲಿ ವಾಯುಭಾರ ಕುಸಿದಾಗ, ಚಂಡಮಾರುತ ಎದ್ದಾಗ, ಇಲ್ಲಿ ಒಂದು ಹನಿ ಬೀಳದಿದ್ದರೂ ಮೋಡ ಮಾತ್ರ ನಾಲ್ಕಾರು ದಿನ ಮುಸುಕಿಕೊಂಡಿರಬಹುದು. 2023ರ ಡಿಸೆಂಬರ್ 5ರಂದು ಮಿಚಾಂಗ್ ಚಂಡಮಾರುತ ಆಂಧ್ರದ ಬಾಪಟ್ಲಾ ಬಳಿ ದಡ ಸೇರಿತು. 2024ರ ನವೆಂಬರ್ 30ರಂದು ಫೆಂಜಲ್ ಪುದುಚೇರಿಯ ಬಳಿ ದಡ ಹತ್ತಿತು. ಸಮುದ್ರ ಹೆಚ್ಚು ಬಿಸಿಯಾದಷ್ಟೂ ಗಾಳಿಗೆ ಸೇರುವ ಆವಿ ಹೆಚ್ಚುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚಿನ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಇದರ ಮೇಲೆ, ಕಲ್ಲಿದ್ದಲು ಮತ್ತು ಎಣ್ಣೆ ಸುಟ್ಟು ನಾವು ಗಾಳಿಗೆ ಬಿಟ್ಟಿರುವ ಇಂಗಾಲದ ಡೈಆಕ್ಸೈಡ್ ಮೋಡವಿಲ್ಲದ ರಾತ್ರಿಯಲ್ಲೂ ನೆಲದ ಕಾವನ್ನು ತಡೆಯುತ್ತದೆ. ಅದು ಹಗಲು ರಾತ್ರಿ ಎನ್ನದೆ ಇರುವಂಥದ್ದು, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವಂಥದ್ದು.

ನಮ್ಮ ಸೀಮೆಗೆ ಇನ್ನೊಂದು ವಿಶೇಷವಿದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳ ನೆಲವನ್ನು ಬದಲಿಸಿತು. ಜೋಳ ಮತ್ತು ಹತ್ತಿಯ ಒಣ ಎರೆಯಾಗಿದ್ದ ಭೂಮಿ ಭತ್ತದ ಗದ್ದೆಯಾಯಿತು. ಮಸ್ಕಿ, ಲಿಂಗಸುಗೂರಿನ ಕಡೆ ಇಂದಿಗೂ ಮಳೆಯನ್ನೇ ನಂಬಿದ ಎರೆ, ಮಸಾರಿ ಹೊಲಗಳು ಸಾಕಷ್ಟಿವೆ. ಬಳಗಾನೂರು ಈ ಎರಡು ಲೋಕಗಳ ನಡುವೆ ಇದೆ. ಒಣ ನೆಲ ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ನೀರು ನಿಂತ ಗದ್ದೆ ಹಗಲಿನ ಕಾವನ್ನು ಒಳಗೆ ಹಿಡಿದಿಟ್ಟುಕೊಂಡು ರಾತ್ರಿಯೆಲ್ಲ ನಿಧಾನವಾಗಿ ಬಿಡುತ್ತದೆ. ಒಂದೇ ರಾತ್ರಿ ನಾಲೆಯ ಊರಿಗೂ ಒಣ ಎರೆಯ ಊರಿಗೂ ಥಂಡಿ ಬೇರೆ ಬೇರೆಯಾಗಲು ಇದೂ ಒಂದು ಕಾರಣ. ದೂರದ ನಗರದಲ್ಲಿ ಅಳೆದ ಅಂಕಿಯನ್ನೇ ನಮ್ಮ ಹೊಲದ ಅಂಕಿ ಎಂದು ಹಿಡಿಯಲಾಗದು.

ಈಗ ದೇಶದ ದಾಖಲೆಯ ಕಡೆಗೆ ಬರೋಣ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ಬಳಿ 1901ರಿಂದ ಇಡೀ ದೇಶದ ಉಷ್ಣತೆಯ ಲೆಕ್ಕವಿದೆ. ಆ ಲೆಕ್ಕದಲ್ಲಿ 2024 ಎಲ್ಲಕ್ಕಿಂತ ಬಿಸಿಯಾದ ವರ್ಷ. ಅದೇ ವರ್ಷದ ಅಕ್ಟೋಬರ್ ಎಲ್ಲ ಅಕ್ಟೋಬರ್‌ಗಳಿಗಿಂತ ಬಿಸಿ. 2025ರ ಜನವರಿಯಲ್ಲಿ ದೇಶದ ಸರಾಸರಿ ಉಷ್ಣತೆ 18.98 ಡಿಗ್ರಿ. ಅದು ವಾಡಿಕೆಗಿಂತ 0.94 ಡಿಗ್ರಿ ಹೆಚ್ಚು, 1901ರಿಂದೀಚೆಗೆ ಮೂರನೆಯ ಅತಿ ಬಿಸಿಯಾದ ಜನವರಿ. ಅದರ ಬೆನ್ನಿಗೆ ಬಂದ ಫೆಬ್ರುವರಿ 22.04 ಡಿಗ್ರಿಯ ಸರಾಸರಿಯೊಂದಿಗೆ ದಾಖಲೆಯಲ್ಲೇ ಮೊದಲ ಸ್ಥಾನಕ್ಕೆ ಏರಿತು.

ಜನವರಿಯಲ್ಲಿ ಹೆಚ್ಚಿದ್ದು ಒಂದು ಡಿಗ್ರಿಗೂ ಕಡಿಮೆ, ಇದೇನು ಮಹಾ ಎಂದು ಅನ್ನಿಸಬಹುದು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಎಲ್ಲ ಊರುಗಳ ಮೂವತ್ತೊಂದು ಹಗಲು, ಮೂವತ್ತೊಂದು ರಾತ್ರಿಗಳನ್ನು ಕೂಡಿಸಿ ಭಾಗಿಸಿದಾಗ ಬಂದ ಒಂದು ಡಿಗ್ರಿ ಅದು. ಅದರೊಳಗೆ ವಾಡಿಕೆಯಂತೆ ತಣ್ಣಗಿದ್ದ ರಾತ್ರಿಗಳೂ ಇವೆ, ನಾಲ್ಕೈದು ಡಿಗ್ರಿ ಹೆಚ್ಚು ಬಿಸಿಯಾಗಿದ್ದ ರಾತ್ರಿಗಳೂ ಇವೆ. ಥಂಡಿ ಪೂರ್ತಿ ಮಾಯವಾಗಿದೆ ಎಂದು ಯಾರೂ ಹೇಳುತ್ತಿಲ್ಲ. ಉತ್ತರದ ಗಾಳಿ ಜೋರಾದ ವಾರ ಈಗಲೂ ಕಂಬಳಿ ಹೊದ್ದುಕೊಳ್ಳಲೇಬೇಕು. ಒಂದು ಬೆಚ್ಚನೆಯ ಜನವರಿಯನ್ನು ಹಿಡಿದುಕೊಂಡು ಹವಾಗುಣವೇ ಕೆಟ್ಟಿತು ಎನ್ನುವುದೂ ಸರಿಯಲ್ಲ, ಒಂದು ಥಂಡಿಯ ವಾರವನ್ನು ತೋರಿಸಿ ಏನೂ ಆಗಿಲ್ಲ ಎನ್ನುವುದೂ ಸರಿಯಲ್ಲ. ನೋಡಬೇಕಾದದ್ದು ವರ್ಷಗಳ ಸಾಲನ್ನು. ಆ ಸಾಲು ಒಂದೇ ಕಡೆಗೆ, ಬಿಸಿಯ ಕಡೆಗೆ, ಬಾಗುತ್ತಿದೆ.

ಇದರಿಂದ ಹೊಲದಲ್ಲಿ ಏನಾಗುತ್ತದೆ? ಮೊದಲು ಒಣಬೇಸಾಯದ ಮಾತು.

ನಮ್ಮ ಮಾಲ್ದಂಡಿ ಜೋಳ ಮತ್ತು ಕಡಲೆ ಬಿತ್ತನೆಯಾದ ಮೇಲೆ ಹೆಚ್ಚು ಮಳೆ ಕಾಣುವುದಿಲ್ಲ. ಎರೆಮಣ್ಣು ಮಳೆಗಾಲದಲ್ಲಿ ಕುಡಿದಿಟ್ಟುಕೊಂಡ ಹಸಿಯನ್ನೇ ಹೀರಿ ಬೆಳೆಯುತ್ತವೆ. ಆ ಹಸಿ ಎಷ್ಟು ದಿನ ಉಳಿಯುತ್ತದೆ ಎನ್ನುವುದರ ಮೇಲೆ ಇಳುವರಿ ನಿಂತಿದೆ. ತಂಪು ದಿನಗಳಲ್ಲಿ ಹಸಿ ನಿಧಾನವಾಗಿ ಖರ್ಚಾಗುತ್ತದೆ. ಬಿಸಿ ಹೆಚ್ಚಾದರೆ ಸಂಕ್ರಾಂತಿಗೆ ಮೊದಲೇ ನೆಲ ಬಾಯಿಬಿಡುತ್ತದೆ. ಇಬ್ಬನಿಯದೂ ಇದೇ ಕತೆ. ಎಲೆ ತಕ್ಕಷ್ಟು ತಣ್ಣಗಾದರೆ ಮಾತ್ರ ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂಡುತ್ತದೆ. ಹಿಂದೆ ನಮ್ಮ ಮನೆಗಳಲ್ಲಿ ನಸುಕಿನಲ್ಲಿ ತೆಳುಬಟ್ಟೆಯನ್ನು ಕಡಲೆ ಗಿಡಗಳ ಮೇಲೆ ಹಾಸಿ, ನೆನೆದ ಬಟ್ಟೆ ಹಿಂಡಿ ಕಡಲೆಹುಳಿ ತೆಗೆಯುತ್ತಿದ್ದರು. ಹೊಟ್ಟೆನೋವಿಗೆ ಅದು ಮನೆಮದ್ದು. ಆ ಹುಳಿ ಗಿಡದ್ದು, ಅದನ್ನು ಬಟ್ಟೆಗೆ ತಂದುಕೊಡುತ್ತಿದ್ದದ್ದು ಮಾಗಿಯ ಇಬ್ಬನಿ. ಬಟ್ಟೆ ನೆನೆಯದ ರಾತ್ರಿ ಕಡಲೆಗೆ ತಂಪು ಸಾಲಲಿಲ್ಲ ಎಂದು ಅಜ್ಜಿಯಂದಿರಿಗೆ ಯಂತ್ರವಿಲ್ಲದೆಯೇ ಗೊತ್ತಾಗುತ್ತಿತ್ತು.

ಕಡಲೆ ತಂಪನ್ನು ಬೇಡುವ ಬೆಳೆ. ಹೂ ಬಿಡುವ, ಕಾಯಿ ಕಟ್ಟುವ ಹೊತ್ತಿಗೆ ಹಗಲು ಮೂವತ್ತೈದು ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಅಷ್ಟು ಬಿಸಿಯಾಗದಿದ್ದರೂ, ರಾತ್ರಿ ಬೆಚ್ಚಗಿದ್ದಾಗ ಅಣ್ಣಿಗೇರಿ ತಳಿಯಾಗಲಿ, ಜೆಜಿ-11 ಆಗಲಿ, ಬೆಳೆ ಅವಸರದಲ್ಲಿ ಮುಗಿಯುತ್ತದೆ. ಕಾಳು ತುಂಬಲು ಸಿಗಬೇಕಾದ ದಿನಗಳು ಕಡಿಮೆಯಾಗಿ ಕಾಳು ಸಣ್ಣದಾಗುತ್ತದೆ. ಮೋಡ ಮುಸುಕಿದ ಬೆಚ್ಚನೆಯ ದಿನಗಳಲ್ಲಿ ಕಡಲೆಗೆ ಕಾಯಿಕೊರಕ ಬೀಳುತ್ತದೆ, ಕುಸುಬೆ ಮತ್ತು ಜೋಳಕ್ಕೆ ಹೇನು ಹತ್ತುತ್ತದೆ. ಕೀಟದ ಮೊಟ್ಟೆ, ಮರಿಗಳು ಥಂಡಿಯಲ್ಲಿ ನಿಧಾನವಾಗಿ, ಬಿಸಿಯಲ್ಲಿ ಬೇಗ ಬೆಳೆಯುತ್ತವೆ. ಹೀಗಾಗಿ ಥಂಡಿ ತಪ್ಪಿದ ವರ್ಷ ಔಷಧಿಯ ಅಂಗಡಿಯ ಸಾಲ ಹೆಚ್ಚುತ್ತದೆ.

ಇನ್ನು ನೀರಾವರಿಯ ಭತ್ತ. ಇಲ್ಲಿ ಲೆಕ್ಕ ಬೇರೆ. ಎರಡನೆಯ ಬೆಳೆಗೆ ಡಿಸೆಂಬರ್‌ನಲ್ಲಿ ಸಸಿಮಡಿ, ಜನವರಿಯಲ್ಲಿ ನಾಟಿ. ಥಂಡಿ ಜೋರಾದರೆ ಸಸಿ ಏಳುವುದಿಲ್ಲ, ಎಲೆ ಹಳದಿಯಾಗುತ್ತದೆ, ನಾಟಿ ತಡವಾಗುತ್ತದೆ. ಬೆಚ್ಚನೆಯ ಜನವರಿಯಲ್ಲಿ ಸಸಿ ಚುರುಕಾಗಿ ಬೆಳೆಯುತ್ತದೆ. ಆದ್ದರಿಂದ ಭತ್ತದ ರೈತ ಮೊದಮೊದಲು ಸಂತೋಷಪಡುತ್ತಾನೆ. ಆದರೆ ಅದೇ ಬಿಸಿ ಫೆಬ್ರುವರಿ, ಮಾರ್ಚಿಗೂ ಮುಂದುವರಿದರೆ ತೆನೆ ಹೊರಡುವ, ಹಾಲು ತುಂಬುವ ಹೊತ್ತಿನಲ್ಲಿ ನಷ್ಟ ಕಾಣುತ್ತದೆ.

ಯಾಕೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಿಡ ಹಗಲಲ್ಲಿ ಬಿಸಿಲಿನಿಂದ ದುಡಿಯುತ್ತದೆ, ರಾತ್ರಿ ಉಸಿರಾಡುತ್ತ ಆ ದುಡಿಮೆಯಲ್ಲಿ ಒಂದು ಪಾಲನ್ನು ಖರ್ಚು ಮಾಡುತ್ತದೆ. ರಾತ್ರಿ ತಣ್ಣಗಿದ್ದರೆ ಖರ್ಚು ಕಡಿಮೆ, ಉಳಿದದ್ದು ಕಾಳಿಗೆ ಸೇರುತ್ತದೆ. ರಾತ್ರಿ ಬಿಸಿಯಾದರೆ ಖರ್ಚು ಹೆಚ್ಚಿ ಕಾಳಿಗೆ ಉಳಿಯುವುದು ಕಡಿಮೆಯಾಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಮ್ಮದೇ ತೋಟದ ದಾಖಲೆಗಳನ್ನು ಕೂಡಿಸಿ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1979ರಿಂದ 2003ರವರೆಗೆ ಅಲ್ಲಿ ಹಗಲಿನ ಉಷ್ಣತೆ 0.35 ಡಿಗ್ರಿ ಹೆಚ್ಚಿತ್ತು, ರಾತ್ರಿಯದು 1.13 ಡಿಗ್ರಿ ಹೆಚ್ಚಿತ್ತು. ಬೇಸಿಗೆ ಭತ್ತದ ಕಾಲದಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ ಒಂದು ಡಿಗ್ರಿ ಏರಿದಾಗ ಇಳುವರಿ ಶೇಕಡಾ 10ರಷ್ಟು ಇಳಿದದ್ದನ್ನು ಅವರು ಕಂಡರು. ಅಲ್ಲಿನ ಅಂಕಿಯನ್ನು ಸಿಂಧನೂರಿನ ಗದ್ದೆಗೆ ಹಾಗೇ ಹಚ್ಚಲಾಗದು, ತಳಿ ಬೇರೆ, ನೆಲ ಬೇರೆ. ಆದರೆ ಅದು ಕಲಿಸುವ ಪಾಠ ನಮಗೂ ಸಲ್ಲುತ್ತದೆ: ಹಗಲಿನ ಬಿಸಿಲನ್ನಷ್ಟೇ ನೋಡುತ್ತ ಕೂತರೆ ರಾತ್ರಿ ನಡೆಯುವ ನಷ್ಟ ಕಾಣುವುದಿಲ್ಲ. ರಾತ್ರಿಯ ಬಿಸಿಗೆ ಅಕ್ಕಿಯ ಕಾಳಿನ ಒಳಗೆ ಸುಣ್ಣದಂಥ ಬಿಳುಪು ಬರುತ್ತದೆ. ಅಂಥ ಕಾಳು ಗಿರಣಿಯಲ್ಲಿ ಒಡೆದು ನುಚ್ಚಾಗುತ್ತದೆ. ಸೋನಾ ಮಸೂರಿಯ ಹೆಸರಿನ ಮೇಲೆ ಬದುಕುವ ಸಿಂಧನೂರು, ಕಾರಟಗಿ, ಗಂಗಾವತಿಗೆ ಇದು ಸಣ್ಣ ಮಾತಲ್ಲ.

ಬಿಸಿ ಮುಂಚಿತವಾಗಿ ಬಂದರೆ ಏನಾಗುತ್ತದೆ ಎಂಬುದನ್ನು ದೇಶ 2022ರಲ್ಲಿ ಕಂಡಿತು. ಆ ವರ್ಷದ ಮಾರ್ಚಿ 1901ರಿಂದೀಚಿನ ಅತಿ ಬಿಸಿ ಮಾರ್ಚಿ. ಪಂಜಾಬ್, ಹರಿಯಾಣದ ಗೋಧಿ ತುಂಬುವ ಹೊತ್ತಿನಲ್ಲಿ ಸೊರಗಿತು. ಮೇ 13ರಂದು ಕೇಂದ್ರ ಸರ್ಕಾರ ಗೋಧಿಯ ರಫ್ತನ್ನು ನಿಲ್ಲಿಸಬೇಕಾಯಿತು. ಹೊಲದಲ್ಲಿ ಮೂರು ನಾಲ್ಕು ವಾರದ ಹವಾಮಾನ ಸರಿದದ್ದು ಅಂಗಡಿಯ ಹಿಟ್ಟಿನ ದರಕ್ಕೂ ತಟ್ಟಿತು.

ನೀರಿನ ಮಾತನ್ನೂ ಬಿಡುವ ಹಾಗಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಅದೀಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಈ ನೀರಿನ ಮೇಲೆ ನಾವೆಷ್ಟು ನಿಂತಿದ್ದೇವೆ ಎಂಬುದು ಮನೆಮನೆಗೂ ಅರಿವಾಯಿತು. ಜನವರಿಯಿಂದ ಮುಂದೆ ನದಿಗೆ ಹೊಸ ನೀರು ಬರುವುದಿಲ್ಲ, ಇದ್ದದ್ದರಲ್ಲೇ ಬೆಳೆ ಮುಗಿಯಬೇಕು, ಬೇಸಿಗೆಯ ಕುಡಿಯುವ ನೀರೂ ಅದರಲ್ಲೇ ಆಗಬೇಕು. ಅಂಥ ಹೊತ್ತಿನಲ್ಲಿ ಬಿಸಿ ಹೆಚ್ಚಾದರೆ ಕೆರೆ, ನಾಲೆ, ಗದ್ದೆಗಳಿಂದ ಆವಿಯಾಗಿ ಹೋಗುವ ನೀರೂ ಹೆಚ್ಚುತ್ತದೆ. ನಾಲೆಯ ಕೊನೆಯ ಭಾಗದ ರೈತರಿಗೆ ಇದರ ಏಟು ಮೊದಲು ಬೀಳುತ್ತದೆ.

ಹಾಗಾದರೆ ನಾವು ಮಾಡಬಹುದಾದದ್ದು ಏನು?

ಹೊಲದ ಮಟ್ಟಿಗೆ ಹಿರಿಯರ ದಾರಿಯೇ ಮೊದಲು. ಜೋಳದ ಸಾಲಿನಲ್ಲಿ ಎಡೆ ಹೊಡೆದು ಬಿರುಕು ಮುಚ್ಚಿದರೆ ಹಸಿ ಉಳಿಯುತ್ತದೆ. ಹಿಂಗಾರಿ ಬಿತ್ತನೆಯನ್ನು ಹಸಿ ಇರುವಾಗಲೇ, ತಡಮಾಡದೆ ಮುಗಿಸಿದರೆ ಕಾಳು ತುಂಬುವ ಕಾಲ ಥಂಡಿಯೊಳಗೇ ಬೀಳುತ್ತದೆ. ಮೋಡದ ದಿನಗಳಲ್ಲಿ ಕಡಲೆ ಹೊಲಕ್ಕೆ ಬೆಳಿಗ್ಗೆ ಹೋಗಿ ಗಿಡ ತಿರುವಿ ನೋಡಬೇಕು. ಹಕ್ಕಿ ಕೂರಲು ಕವಲುಕಟ್ಟಿಗೆ ನೆಟ್ಟು, ಮೋಹಕ ಬಲೆ ಕಟ್ಟಿದರೆ ಹುಳ ಬಂದದ್ದು ಬೇಗ ತಿಳಿಯುತ್ತದೆ. ಕೀಟ ಕಂಡ ಮೇಲೆ ಔಷಧಿ, ಅದಕ್ಕೆ ಮೊದಲಲ್ಲ. ಭತ್ತದ ಸಸಿ ಬೆಚ್ಚನೆಯ ವರ್ಷ ಬೇಗ ನಾಟಿಗೆ ಬರುತ್ತದೆ, ಅದನ್ನು ಮಡಿಯಲ್ಲೇ ಮುದಿಯಾಗಲು ಬಿಡಬಾರದು. ಎಲ್ಲ ಭೂಮಿಗೂ ಭತ್ತವೇ ಬೇಕೆಂಬ ಹಟ ಬಿಟ್ಟು, ನೀರು ಕಡಿಮೆ ಕೇಳುವ ಜೋಳ, ಕಡಲೆ, ಎಳ್ಳಿಗೂ ಒಂದು ಪಾಲು ಕೊಡುವುದು ಜಾಣತನ. ಹವಾಮಾನ ಆಧರಿಸಿದ ಕೃಷಿ ಸಲಹೆಯನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ನೀಡುತ್ತದೆ. ಅದನ್ನು ಕೇಳಿಕೊಂಡು ಔಷಧಿ, ನೀರು, ಕೊಯ್ಲಿನ ದಿನ ನಿಶ್ಚಯಿಸುವ ರೂಢಿ ಬೆಳೆಯಬೇಕು.

ಇನ್ನು ಊರಿನ ಮಟ್ಟಿಗೆ ನನ್ನದೊಂದು ಕೋರಿಕೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಯಂತ್ರಗಳನ್ನೂ ನಿಲ್ಲಿಸಿದೆ. ಆ ಅಂಕಿಗಳು ಬೆಂಗಳೂರಿಗೆ ಹೋಗುತ್ತವೆ, ಊರಿನ ಗೋಡೆಯ ಮೇಲೂ ಅವು ಕಾಣಬೇಕು. ಅದರ ಜೊತೆಗೆ ಪ್ರತಿ ಪ್ರೌಢಶಾಲೆಯಲ್ಲಿ ಒಂದು ಗರಿಷ್ಠ–ಕನಿಷ್ಠ ಉಷ್ಣಮಾಪಕ ಇರಲಿ. ಅದು ದೊಡ್ಡ ವೆಚ್ಚದ ವಸ್ತುವಲ್ಲ. ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಅದನ್ನು ತೂಗುಹಾಕಿ, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಕ್ಕಳು ಹಿಂದಿನ ರಾತ್ರಿಯ ಕನಿಷ್ಠವನ್ನು ಓದಿ ಪುಸ್ತಕದಲ್ಲಿ ಬರೆಯಲಿ, ಹೊರಗಿನ ಹಲಗೆಯ ಮೇಲೂ ಬರೆಯಲಿ. ಅದರ ಪಕ್ಕದಲ್ಲೇ ಮೋಡ ಇತ್ತೇ, ಇಬ್ಬನಿ ಬಿತ್ತೇ, ಕಡಲೆ ಯಾವಾಗ ಹೂ ಬಿಟ್ಟಿತು ಎನ್ನುವುದನ್ನೂ ಗುರುತಿಸಲಿ. ಹತ್ತು ವರ್ಷ ಹೀಗೆ ನಡೆದರೆ ಬಳಗಾನೂರಿನ ಚಳಿಗಾಲ ಎತ್ತ ಸಾಗಿದೆ ಎಂಬುದಕ್ಕೆ ಬಳಗಾನೂರಿನದೇ ಉತ್ತರ ಸಿಗುತ್ತದೆ. ಬೆಳೆ ವಿಮೆಯ ಮಾತು ಬಂದಾಗ, ನಾಲೆಗೆ ನೀರು ಬಿಡುವ ದಿನದ ಚರ್ಚೆ ನಡೆದಾಗ, ಆ ಪುಸ್ತಕ ಹಿಡಿದು ಮಾತಾಡಲು ನಮಗೊಂದು ಆಧಾರವಿರುತ್ತದೆ.

ಬರೆದಿಟ್ಟದ್ದರ ಬೆಲೆ ಏನೆಂದು ನಮ್ಮ ನೆರೆಯ ಮಸ್ಕಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿನ ಬಂಡೆಯ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಅದರಲ್ಲಿ ಅಶೋಕನ ಹೆಸರೇ ಕೆತ್ತಿತ್ತು. ದೇಶದ ಉದ್ದಗಲದ ಶಾಸನಗಳಲ್ಲಿ ಕಾಣುವ ‘ದೇವಾನಾಂಪ್ರಿಯ’ ಎಂಬ ದೊರೆ ಅಶೋಕನೇ ಎಂಬುದು ಆ ಒಂದು ಹೆಸರಿನಿಂದ ಗಟ್ಟಿಯಾಯಿತು. ನೆನಪು ಎಷ್ಟೇ ಪ್ರೀತಿಯದಾದರೂ ಮಸುಕಾಗುತ್ತದೆ. ನಮ್ಮ ಕಾಲದಲ್ಲಿ ಥಂಡಿ ಹೆಚ್ಚಿತ್ತು ಎಂದು ಹಿರಿಯರು ಹೇಳಿದರೆ ಮಕ್ಕಳು ಎಷ್ಟು ಎಂದು ಕೇಳುತ್ತಾರೆ. ನಮ್ಮ ಬಳಿ ಉತ್ತರವಿಲ್ಲ. ನಾಳೆ ನಮ್ಮ ಮಕ್ಕಳನ್ನು ಅವರ ಮಕ್ಕಳು ಹೀಗೆಯೇ ಕೇಳುವಾಗ ಅವರ ಕೈಯಲ್ಲಿ ಉತ್ತರವಿರಲಿ.

ಜಗತ್ತಿನ ಬಿಸಿಯನ್ನು ಬಳಗಾನೂರು ಒಂದೇ ಇಳಿಸಲಾರದು, ನಿಜ. ಆದರೆ ತನ್ನ ನೆಲದ ಹಸಿಯನ್ನು ಅದು ಕಾಯಬಲ್ಲದು, ಬಿತ್ತುವ ದಿನವನ್ನು ಸರಿಯಾಗಿ ಆರಿಸಬಲ್ಲದು, ನೀರನ್ನು ಹಿಡಿತದಲ್ಲಿ ಬಳಸಬಲ್ಲದು, ತನ್ನ ರಾತ್ರಿಗಳನ್ನು ತಾನೇ ಅಳೆಯಬಲ್ಲದು. ಈ ನಾಲ್ಕೂ ನಮ್ಮ ಕೈಯಲ್ಲಿರುವ ಕೆಲಸಗಳು. ಮುಂದಿನ ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮೊದಲು ನಿಮ್ಮ ಊರಿನ ಶಾಲೆಗೆ ಉಷ್ಣಮಾಪಕ ಬಂದಿರಲಿ ಎಂದು ಶಿಕ್ಷಕರನ್ನೂ ಪಂಚಾಯಿತಿಯವರನ್ನೂ ಯುವಕ ಸಂಘದವರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ.